ಶಿವರಾಜಪ್ಪನ ಬಾವಿಕಟ್ಟೆಯಲ್ಲಿ ಶೇವಂತಾಬಾಯಿ

ಶೇವಂತಾಬಾಯಿ ಹುಟ್ಟಿದ್ದು ಔರಾದ ತಾಲ್ಲೂಕಿನ ಡಾಬಕಾದಲ್ಲಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು. ಎಷ್ಟೋ ಮಾತು ಅರ್ಥವಾಗದೆ ಬರೀ ದನಿ ಕೇಳುತ್ತ ಬೆಳೆದವಳು. ಯಾರಾದರೂ ಮಾತಾಡುತ್ತಿದ್ದರೆ ಅವಳ ಮನಸ್ಸು ಅರ್ಥವನ್ನು ಅಲ್ಲೇ ಬಿಟ್ಟು ದನಿಯ ಬೆನ್ನು ಹತ್ತಿ ಎಲ್ಲೋ ತೇಲಿಹೋಗುತ್ತಿತ್ತು.

ಓದಿ, ಮೂವತ್ತೈದರ ಹೊತ್ತಿಗೆ ಅವಳು ಸಂತಪುರದಲ್ಲಿ ವಲಸೆ ಹೋದವರ ಮಕ್ಕಳಿಗಾಗಿ ತೆರೆದ ವಸತಿನಿಲಯದ ವಾರ್ಡನ್ ಆದಳು. ಸತತ ಎರಡನೇ ವರ್ಷವೂ ಮಳೆ ಕೈಕೊಟ್ಟು, ಜನ ಕಬ್ಬು ಕಡಿಯಲು ಗಡಿಯಾಚೆ ಹೋಗಿದ್ದರು. ಅವರ ನಲವತ್ತು ಮಕ್ಕಳು ಇವಳ ಬಳಿ ಇದ್ದರು.

ಆ ಚಳಿಗಾಲದಲ್ಲಿ ಅವಳು ಬೀದರಿಗೆ ಮೂರು ದಿನದ ತರಬೇತಿಗೆ ಹೋದಳು. ಅಬ್ದುಲ ವಾಹೀದ ಎಂಬ ತರಬೇತುದಾರರು ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಎಂಬ ಉದ್ದ ಹೆಸರಿನ ವಿದ್ಯೆ ಹೇಳಿಕೊಟ್ಟರು. ಎದುರಿನವರು ಕೂತ ಹಾಗೆ ಕೂಡಬೇಕು, ಅವರ ಉಸಿರಿಗೆ ನಮ್ಮ ಉಸಿರು ಹೊಂದಿಸಬೇಕು. ಕೆಲವರದು ಕಣ್ಣಿನ ಮಾತು, ಕೆಲವರದು ಕಿವಿಯ ಮಾತು, ಕೆಲವರದು ಮುಟ್ಟುವ ಮಾತು. ಅವರವರ ಮಾತಿನಲ್ಲೇ ಅವರಿಗೆ ಉತ್ತರ ಕೊಡಬೇಕು. ಶೇವಂತಾಬಾಯಿ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡಳು.

ಮಾರ್ಚಿನಲ್ಲಿ ನಿಲಯದ ಬೋರು ಬತ್ತಿತು. ಊರ ಹೊರಗೆ ಶಿವರಾಜಪ್ಪನ ಕಲ್ಲುಕಟ್ಟಿನ ಬಾವಿಯಲ್ಲಿ ಮಾತ್ರ ಇನ್ನೂ ನೀರಿತ್ತು. ಎಪ್ಪತ್ತು ದಾಟಿದ ಆ ಮುದುಕ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಊರವರು ಅವನನ್ನು ಕಲ್ಲೆದೆಯವನು ಎನ್ನುತ್ತಿದ್ದರು.

ಅವಳು ಹೋದಾಗ ಶಿವರಾಜಪ್ಪ ಬಾವಿಕಟ್ಟೆಯ ಬೇವಿನ ನೆರಳಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳೂ ಹಾಗೇ ಕೂತಳು.

"ಕಾಕಾ, ನೋಡ್ರಿ, ನಲವತ್ತು ಮಕ್ಕಳ ಅವ, ಕುಡಿಯಾಕ ನೀರಿಲ್ಲ. ಒಮ್ಮಿ ಬಂದು ಅವುಗಳ ಮಾರಿ ನೋಡ್ರಿ."

"ಆಗಂಗಿಲ್ಲವ್ವ," ಎಂದು ಅವನು ಮೊಣಕಾಲು ಸವರಿಕೊಂಡ.

ಅವಳೂ ಮೊಣಕಾಲು ಸವರಿದಳು. ತಂಬಿಗೆ ಹಿಡಿದು ಬರುತ್ತಿದ್ದ ಅವನ ಹೆಂಡತಿ ಶಾಂತಾಬಾಯಿ ಇದನ್ನು ಕಂಡು ಗದರಿದಳು: "ಏ ಬಾಯಿ, ಹಿರ್‍ಯಾರ ನಕಲ ಯಾಕ ಮಾಡ್ತಿ?"

ಶೇವಂತಾಬಾಯಿಯ ಮುಖಕ್ಕೆ ಬೆಂಕಿ ಬಿದ್ದಂತಾಯಿತು. ಎದ್ದು ಬಂದಳು.

ಆದರೂ ಮರುದಿನ ಹೋದಳು, ಅದರ ಮರುದಿನವೂ ಹೋದಳು. ಈ ಸಲ ಏನನ್ನೂ ಅನುಕರಿಸಲಿಲ್ಲ, ಏನನ್ನೂ ಕೇಳಲಿಲ್ಲ. ಸುಮ್ಮನೆ ಕೂತಳು. ಮೂರನೇ ಮಧ್ಯಾಹ್ನ ಬಿಸಿಲು ಹೊಲದ ಮೇಲೆ ನೀರಿನಂತೆ ತೂಗುತ್ತಿತ್ತು. ಬಾವಿಯೊಳಗಿಂದ ಪಾರಿವಾಳಗಳ ಗುಟುರು ತೇಲಿ ಬರುತ್ತಿತ್ತು. ಮುದುಕನ ನಿಧಾನದ ಉಸಿರಿಗೆ ತನ್ನ ಉಸಿರು ಯಾವಾಗ ಕೂಡಿತೋ ಅವಳಿಗೇ ತಿಳಿಯಲಿಲ್ಲ. ಮೈ ಹಗುರಾಗಿ, ತಾನು ಆ ತಂಪು ನೀರಿನ ಮೇಲೆ ಅಂಗಾತ ಮಲಗಿದ್ದೇನೆ ಅನ್ನಿಸಿತು.

"ಇವತ್ತ ಆರು ಪಾರಿವಾಳ ಅವ," ಎಂದ ಶಿವರಾಜಪ್ಪ. "ರೆಕ್ಕಿ ಸಪ್ಪಳದಾಗ ಗೊತ್ತಾಗ್ತದ. ನಮ್ಮಪ್ಪ ತೋಡಿದ ಬಾವಿ ಇದು. ನೀರು ಕೈಗೆ ಹತ್ತಿದ್ರ ಬೆಣ್ಣಿ ಮುಟ್ಟಿದಂಗ ಆಗ್ತದ."

ಆ ಮಂಪರಿನಲ್ಲೇ ಅವಳಿಗೆ ಥಟ್ಟನೆ ಹೊಳೆಯಿತು. ಮೂರು ದಿನದಲ್ಲಿ ಈ ಮನುಷ್ಯ ಕಂಡದ್ದೊಂದನ್ನೂ ಹೇಳಿಲ್ಲ. ಎಲ್ಲ ಕೇಳಿದ್ದು, ಎಲ್ಲ ಮುಟ್ಟಿದ್ದು. ತಾನೋ, ಮೊದಲ ದಿನ ನೋಡ್ರಿ ನೋಡ್ರಿ ಎಂದೇ ಬೇಡಿದ್ದಳು.

ಅವಳು ಮೆಲ್ಲಗೆ ಕೇಳಿದಳು: "ಕಾಕಾ, ಕಣ್ಣು ಮಂಜ ಆಗ್ಯಾವೇನ್ರಿ?"

ಶಿವರಾಜಪ್ಪನ ಉಸಿರು ಒಂದು ಕ್ಷಣ ನಿಂತಿತು.

"ಎರಡು ವರ್ಷ ಆತು," ಎಂದ. "ಬೆಳಕು ಕಾಣ್ತದ, ಮಾರಿ ಕಾಣಂಗಿಲ್ಲ. ಮನ್ಯಾಗ ಹೇಳಿಲ್ಲ. ನೀರಿಗೆ ಬಂದ ಕೂಸು ಕಾಲು ಜಾರಿದ್ರ ನನಗ ಹ್ಯಾಂಗ ತಿಳೀಬೇಕು ತಾಯಿ? ಬಿದ್ದ ಸಪ್ಪಳ ಕೇಳಿದ ಮ್ಯಾಲ ಏನು ಮಾಡ್ಲಿ?"

ಊರು ಕಲ್ಲು ಎಂದದ್ದು ಈ ಭಯವನ್ನು. ಶೇವಂತಾಬಾಯಿ ಅವನ ಹತ್ತಿರಕ್ಕೆ ಸರಿದಳು.

"ಹಂಗಾರ ಕೇಳ್ರಿ ಕಾಕಾ," ಎಂದಳು. "ಮಕ್ಕಳು ಬರಂಗಿಲ್ಲ. ನಾನು, ನಮ್ಮ ಅಡಗಿ ಮಾಡಾಕಿ ಅನ್ವರಿ ಬೇಗಂ, ಇಬ್ಬರೇ ಬಂಡಿ ತಗೊಂಡು ಬರ್ತೇವಿ. ನಮ್ಮ ಹೆಸರು ಹೇಳಿ ಬಾವ್ಯಾಗ ಕೊಡ ಇಳಿಬಿಡ್ತೇವಿ. ಹಗ್ಗದ ತುದಿ ನಿಮ್ಮ ಕೈಯಾಗ ಇರ್ಲಿ."

ಕಟ್ಟೆಯ ಮೇಲಿದ್ದ ಹಗ್ಗದ ತುದಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದರ ಎಳೆಗಳನ್ನು ಬೆರಳಿನಿಂದ ಬಹಳ ಹೊತ್ತು ಸವರಿದ.

"ನಾಳಿ ಬರ್ರಿ."

ಮರುದಿನದಿಂದ ಎತ್ತಿನ ಬಂಡಿಯ ಮೇಲೆ ದಿನಕ್ಕೆ ನಾಲ್ಕು ಡ್ರಮ್ಮು ನೀರು ನಿಲಯಕ್ಕೆ ಬಂತು. ಜೂನಿನ ಮೊದಲ ಮಳೆಯವರೆಗೂ ತಪ್ಪಲಿಲ್ಲ. ಕಣ್ಣಿನ ವಿಷಯವನ್ನು ಶಿವರಾಜಪ್ಪ ತಾನೇ ಹೆಂಡತಿಗೆ ಹೇಳಿದ. ಶಾಂತಾಬಾಯಿ ಮೊದಲು ಅತ್ತಳು, ಆಮೇಲೆ ರೇಗಿದಳು: "ಮತ್ತ ನಾ ಹೊಸ ಸೀರಿ ಉಟ್ಟಾಗೆಲ್ಲ ಚೊಲೊ ಅದ ಅಂತಿದ್ರಿ!"

ಮಳೆಗಾಲದಲ್ಲಿ ಬೀದರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವನ ಒಂದು ಕಣ್ಣು ತಿಳಿಯಾಯಿತು. ಅವನು ನಿಲಯಕ್ಕೆ ನಡೆದು ಬಂದು ಶೇವಂತಾಬಾಯಿಯನ್ನು ದಿಟ್ಟಿಸಿದ. "ನೀ ಇಷ್ಟು ಸಣ್ಣಾಕಿ ಏನವ್ವ? ದನಿ ಕೇಳಿ ಭಾಳ ಎತ್ತರ ಇದ್ದಿ ಅಂದ್ಕೊಂಡಿದ್ದೆ," ಎಂದು ನಕ್ಕ.

ಮುಂದಿನ ವರ್ಷ ಅವಳಿಗೆ ಭಾಲ್ಕಿಗೆ ವರ್ಗವಾಯಿತು. ಹೊರಡುವ ದಿನ ಶಾಂತಾಬಾಯಿ ಬಸ್ಸಿನ ಕಿಟಕಿಯಿಂದ ಶೇಂಗಾ ಹೋಳಿಗೆಯ ಗಂಟು ಒಳಗಿಟ್ಟಳು. ಬಸ್ಸು ಹೊರಡುವವರೆಗೆ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡೇ ಇದ್ದರು.