ತಂಗಿಯ ಹಸಿವಿಗೆ ಮೀನೆಣ್ಣೆಯ ಗುಳಿಗೆ

ನನ್ನ ಸೋದರಮಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಹೆಂಡತಿ ಹೇಳುತ್ತಾಳೆ. ಇಟ್ಟುಕೊಂಡಿದ್ದೇನೆ, ಏನು ಮಾಡಲಿ?

ತೊಂಬತ್ತರ ದಶಕದ ಕೊನೆ. ಆಗ ನಂಜನಗೂಡಿನಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇತ್ತು. ಸರ್ಕಾರಿ ಕೆಲಸದಿಂದ ನಿವೃತ್ತನಾಗಿದ್ದ ಮಾವ ಯಾವುದೋ ಚೈನ್ ಕಂಪನಿಗೆ ಸೇರಿಕೊಂಡು, ಆ ಬಿಸಿಲಲ್ಲೂ ಕೊರಳಿಗೆ ಟೈ ಬಿಗಿದು, ರೆಕ್ಸಿನ್ ಬ್ಯಾಗು ಹಿಡಿದು ನೆಂಟರ ಮನೆಗಳನ್ನೆಲ್ಲ ಸುತ್ತುತ್ತಿದ್ದ. ಬ್ಯಾಗಿನಲ್ಲಿ ಎಣ್ಣೆ ಗುಳಿಗೆಯ ಬಾಟಲಿಗಳು. ಜೇನುತುಪ್ಪದ ಬಣ್ಣ, ಹುಣಿಸೆ ಬೀಜದಷ್ಟು ದಪ್ಪ. ಬಾಟಲಿಯ ಮೇಲಿನ ಚೀಟಿಯನ್ನು ಮಾತ್ರ ನೀರಲ್ಲಿ ನೆನೆಸಿ ಕಿತ್ತುಹಾಕಿದ್ದ.

ನನಗೆ ಮೂವತ್ತು ದಾಟಿರಲಿಲ್ಲ. ಗಟ್ಟಿಮುಟ್ಟಾಗಿದ್ದೆ, ಆದರೆ ಸಣಕಲ; ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅವ್ವ ತಮ್ಮನ ಹತ್ತಿರ ತೋಡಿಕೊಂಡಳು: "ಇವನಿಗೆ ಅಸಿವೇ ಸಾಲ್ದು ಕಣೋ."

"ಅದಕ್ಯಾಕ್ ಯೋಚ್ನೆ ಮಾಡ್ತೀಯಕ್ಕ? ಬೆಳಿಗ್ಗೆ ಒಂದು, ಸಂಜೆ ಒಂದು ಕೊಡು. ಎಂಟ್ ದಿನಕ್ಕೆ ಮಡಿಕೇನೇ ಬಳ್ಕೊಂಡ್ ಉಣ್ತಾನೆ ನೋಡ್ತಿರು."

"ಏನ್ ಎಣ್ಣೆ ಮಾವ ಇದು?" ಎಂದೆ.

"ಹುಚ್ಚೆಳ್ಳೆಣ್ಣೆ ಕಣ್ಲಾ. ಫಾರಿನ್ ಹುಚ್ಚೆಳ್ಳು."

ನಂಬಿದೆ. ಒಂದು ತಿಂಗಳು ನುಂಗಿದೆ. ತೇಗಿದಾಗಲೆಲ್ಲ ಗಂಟಲಿಗೆ ಏನೋ ಕಮಟು ಬರುತ್ತಿತ್ತು. ಹಸಿವು ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ತೇಗು ತಡೆದುಕೊಳ್ಳುವುದೇ ಒಂದು ಕೆಲಸವಾಯಿತು.

ಒಂದು ಭಾನುವಾರ ಮಾವ ಸೋಸಲೆಗೆ ಹೊರಟ. ಅಲ್ಲಿಗೆ ನನ್ನ ತಂಗಿಯನ್ನು ಕೊಟ್ಟಿತ್ತು. ಅವಳನ್ನು ನೋಡಿ ಬಹಳ ದಿನವಾಗಿತ್ತೆಂದು ನಾನೂ ಜೊತೆಗೆ ಬಸ್ಸು ಹತ್ತಿದೆ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಊಟದ ಹೊತ್ತು. ಬಾಗಿಲು ತೆರೆದ ತಂಗಿಯನ್ನು ನೋಡಿ ಬೆಚ್ಚಿದೆ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. "ಏನವ್ವ, ಹುಷಾರಿಲ್ವಾ?" ಎಂದರೆ, "ಚೆನ್ನಾಗಿವ್ನಿ ಬಾ ಅಣ್ಣ" ಎಂದು ಒಳಗೆ ಹೋದಳು.

ಅವಳ ಅತ್ತೆ ನಮಗೆ ಬಡಿಸುತ್ತ, ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು: "ಮೊದ್ಲು ಎರಡ್ ಮುದ್ದೆ ಉಣ್ತಿದ್ಲು ಕಣಪ್ಪ, ಮೇಲೆ ಅನ್ನ ಬೇರೆ. ನಿಮ್ ಮಾವ ಗುಳಿಗೆ ಕೊಟ್ಮೇಲೆ ಅಸಿವು ತಗ್ಗೋಯ್ತು. ಈಗ ಅರ್ಧ ಮುದ್ದೆ ಉಂಡ್ರೆ ಎಚ್ಚು."

ಬಾಗಿಲ ಹತ್ತಿರ ಇಟ್ಟಿದ್ದ ಬಾಟಲಿ ನೋಡಿದೆ. ಅದೇ ಬಾಟಲಿ. ನನಗೆ ಹಸಿವು ಹೆಚ್ಚಲೆಂದು ಕೊಟ್ಟದ್ದೇ!

ಆ ಹೆಣ್ಣುಮಗಳು ಎಂಥ ಕೆಲಸದವಳು. ಕೋಳಿ ಕೂಗುವ ಮುಂಚೆ ಎದ್ದು ಎರಡು ಎಮ್ಮೆ ಕರೆದು, ಹುಲ್ಲು ಕೊಯ್ದು ತಂದು, ಗದ್ದೆಗೆ ಇಳಿದು ನಾಟಿ ಹಾಕಿ ಬರುವವಳು. ಅಂಥವಳಿಗೆ ಎರಡು ಮುದ್ದೆ ಹೆಚ್ಚೇ?

ನಮ್ಮ ಊಟವಾದ ಮೇಲೆ ಅವಳು ತಟ್ಟೆಯ ಮುಂದೆ ಕೂತಳು. ಅತ್ತೆ ಒಂದು ಗುಳಿಗೆ ತೆಗೆದು ಈಳಿಗೆಮಣೆಗೆ ಒತ್ತಿ ಸೀಳಿ, ಎಣ್ಣೆಯನ್ನು ಬಿಸಿ ಮುದ್ದೆಯ ಮೇಲೆ ಹಿಂಡಿದರು. "ಮೇಲಿನ್ ಪ್ಲಾಸ್ಟಿಕ್ಕು ಒಟ್ಟೆಗ್ ಓಗ್ಬಾರ್ದು ನೋಡು" ಎಂದರು. ನಮ್ಮ ಕಡೆ ಒಳ್ಳೆಯ ಎಣ್ಣೆ ಎಂದರೆ ಬಿಸಿ ಮುದ್ದೆಯ ಮೇಲೆಯೇ ಬೀಳಬೇಕು. ಅವರು ಕಲಿತದ್ದು ಅದೇ. ಹಬೆಯ ಜೊತೆ ವಾಸನೆ ಎದ್ದಿತು. ಎಲ್ಲಿತ್ತೋ ಬೆಕ್ಕು, ಓಡಿ ಬಂದು ತಟ್ಟೆಗೆ ಮೂತಿ ಚಾಚಿತು. ತಂಗಿ ಉಸಿರು ಬಿಗಿಹಿಡಿದು ಒಂದು ತುತ್ತು ನುಂಗಿದಳು.

ಅಷ್ಟರಲ್ಲಿ ಗದ್ದೆ ಕೆಲಸದ ಹೆಂಗಸು ಮಜ್ಜಿಗೆಗೆಂದು ಹಿತ್ತಿಲ ಬಾಗಿಲಿಗೆ ಬಂದವಳು ಮೂಗರಳಿಸಿ ನಕ್ಕಳು. "ಅಯ್ಯೋ ಅವ್ವೋ, ಇದೇನು ಲಿಂಗ ಕಟ್ಟೋರ್ ಮನೇಲಿ ಮೀನ್ ಸಾರಿನ್ ವಾಸ್ನೆ! ನಂಗೂ ಒಂದ್ ಮಾತ್ ಏಳ್ಬಾರ್ದಿತ್ತಾ?"

ಎಲ್ಲರೂ ಮಾವನ ಮುಖ ನೋಡಿದೆವು.

"ಮೀನಲ್ಲ ಕಣ್ರವ್ವ," ಎಂದ ಮಾವ, ಟೈ ಸಡಿಲಿಸುತ್ತ. "ಮೀನಿನೆಣ್ಣೆ."

ಶುರುವಾಯಿತು ರಂಪ. ಅತ್ತೆ ತಲೆ ಚಚ್ಚಿಕೊಂಡರು. ಕೈಗೆ ಸಿಕ್ಕ ಪಾತ್ರೆಗಳನ್ನು ಹೊರಗೆ ಎಸೆದರು. ಮಠದಿಂದ ತೀರ್ಥ ತರಿಸಬೇಕು, ಅಡುಗೆಮನೆ ತೊಳೆಯಬೇಕು ಎಂದು ಕೂಗಿದರು. ನಾನೂ ಮಾವನ ಕೊರಳಪಟ್ಟಿಗೆ ಕೈ ಹಾಕಿದೆ. "ನಮ್ ಬಾಯಿಗೆ ಮೀನೆಣ್ಣೆ ಬಿಟ್ಯಲ್ಲ ಮಾವ! ನಂಗೆ ಅಸಿವು ಎಚ್ಚಲಿ ಅಂತ ಕೊಟ್ಟೆ, ಇವಳಿಗೆ ಇಳೀಲಿ ಅಂತ ಕೊಟ್ಟೆ. ಒಂದೇ ಗುಳಿಗೆ!"

"ಮೈಗೇನ್ ಬೇಕೋ ಅದನ್ನ ಮಾಡ್ತದೆ ಕಣ್ಲಾ. ಎಚ್ಚಿದ್ರೆ ಇಳಿಸ್ತದೆ, ಕಮ್ಮಿ ಇದ್ರೆ ಏರಿಸ್ತದೆ."

ಕಣ್ಣು ಕೂಡ ಮಿಟುಕಿಸಲಿಲ್ಲ ಪುಣ್ಯಾತ್ಮ. ಎಷ್ಟೋ ವರ್ಷದ ಮೇಲೆ ಮೈಸೂರಿನ ಡಾಕ್ಟರೊಬ್ಬರನ್ನು ಕೇಳಿದೆ. ಆರೋಗ್ಯವಾಗಿರುವವರ ಹಸಿವನ್ನು ಅದು ಏರಿಸುತ್ತದೋ ಇಳಿಸುತ್ತದೋ ಗಟ್ಟಿಯಾಗಿ ಹೇಳಲಾಗದು ಎಂದರು. ಗಟ್ಟಿಯಾಗಿ ಹೇಳಲಾಗದ್ದನ್ನು ನಮ್ಮ ಮಾವ ಎರಡು ತಾಲ್ಲೂಕಿನಲ್ಲಿ ಎರಡು ಥರ ಗಟ್ಟಿಯಾಗಿ ಹೇಳಿದ್ದ. ತಂಗಿಯ ಹಸಿವನ್ನು ಕೊಂದದ್ದು ಆ ನಾತ, ಅಷ್ಟೇ.

ಅದಕ್ಕಿಂತ ದೊಡ್ಡ ಪಾಪವನ್ನು ಅವನು ಮೊದಲೇ ಮಾಡಿದ್ದ. "ಹೆಣ್ಮಕ್ಳಿಗೆ ಇಷ್ಟೊಂದ್ ಹಸಿವು ಇದ್ರೆ ಅದೂ ಒಂದ್ ಕಾಯಿಲೆ ಅಕ್ಕಾರೆ" ಎಂದು ಆ ಅತ್ತೆಯ ಕಿವಿಗೆ ಹಾಕಿದವನು ಅವನೇ. ಅತ್ತೆ ಕೆಟ್ಟವರಲ್ಲ. ಸೊಸೆಗೆ ಕಾಯಿಲೆ ಎಂದು ಹೆದರಿ ಔಷಧಿ ಹಿಂಡಿದರು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದ ಸೋದರಮಾವನೇ ಹಾಗೆ ಹೇಳಿದರೆ ಅವರು ಇನ್ನು ಯಾರನ್ನು ನಂಬಬೇಕು? ಅವಳ ಹೊಟ್ಟೆಗೆ ಕಲ್ಲು ಹಾಕಿ ಒಂದು ಬಾಟಲಿ ಮಾರಿದ.

ನಾವೆಲ್ಲ ಕಿರುಚಾಡುತ್ತಿರುವಾಗ ತಂಗಿ ಎದ್ದಳು. ತಟ್ಟೆಯಲ್ಲಿದ್ದದ್ದನ್ನು ಬೆಕ್ಕಿಗೆ ಹಾಕಿದಳು. ಕೈ ತೊಳೆದು ಒಲೆಯ ಹತ್ತಿರ ಹೋಗಿ, ಮಡಕೆಯಲ್ಲಿ ಉಳಿದಿದ್ದ ಎರಡು ಮುದ್ದೆಯನ್ನೂ ತೊಳೆದ ತಟ್ಟೆಗೆ ಹಾಕಿಕೊಂಡು ಸಾರು ಬಿಟ್ಟುಕೊಂಡಳು.

"ಮನೆ ಶುದ್ಧ ಆಗ್ದೆ ಉಣ್ತೀಯೇನೇ?" ಎಂದರು ಅತ್ತೆ.

"ಮನೆ ಆಮೇಲೆ ತೊಳ್ಯಾನ ಅತ್ತೆ. ನಂಗೆ ಅಸಿವಾಯ್ತದೆ."

ಅವಳಿಗೆ ಹೊಟ್ಟೆ ತುಂಬ ಇಕ್ಕಿ ಎಂದು ಹೇಳಬೇಕಾದ ಅಣ್ಣ ನಾನು. ಹೇಳಲಿಲ್ಲ. ಅವಳು ಗೋಡೆಗೆ ಒರಗಿ, ತಲೆ ತಗ್ಗಿಸಿ, ಅವಸರ ಅವಸರವಾಗಿ ಉಣ್ಣುತ್ತಿದ್ದಳು. ನಾನು ಪಡಸಾಲೆಯಲ್ಲಿ ನಿಂತು ಇನ್ನೂ ಮೀನಿನ ಬಗ್ಗೆಯೇ ಕೂಗಾಡುತ್ತಿದ್ದೆ.