ಇಂಡಿ ತಂಡದ ಗೋಲ್‌ಕೀಪರ್ ಮೇಲೆ ಬಂದ ದೂರು

ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಕೆಳ ಡಿವಿಜನ್ ಕ್ಲಬ್‌ಗಳ ರಾಷ್ಟ್ರೀಯ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಅರ್ಹತಾ ಸುತ್ತಿಗೆ ನಾನು ಮ್ಯಾಚ್ ಕಮಿಷನರ್ ಆಗಿದ್ದೆ. ಆಟ ನಡೆಸುವವನು ರೆಫರಿ. ಅದು ನ್ಯಾಯವಾಗಿ ನಡೆಯಿತೇ ಎಂದು ಹೊರಗೆ ಕುಳಿತು ನೋಡಿ ವರದಿ ಕೊಡುವವನು ಕಮಿಷನರ್. ಸಿಂದಗಿಯ ಮೈದಾನದಲ್ಲಿ ಇಂಡಿ ಮತ್ತು ಮುದ್ದೇಬಿಹಾಳ ತಂಡಗಳ ಪಂದ್ಯ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ.

ಆಟಕ್ಕೆ ಮೊದಲು ನನ್ನ ಮೊಬೈಲಿಗೆ ಗುರುತಿಲ್ಲದ ಹೆಂಗಸೊಬ್ಬಳ ಕರೆ ಬಂತು. “ಸರ್, ಇಂಡಿ ಗೋಲ್‌ಕೀಪರ್ ಮಲ್ಲು ಮ್ಯಾಚ್ ಮಾರ್ಕೊಂಡಾನ್ರಿ. ಅವನ್ನ ಆಡಾಕ ಬಿಡಬ್ಯಾಡ್ರಿ.”

ಯಾರೆಂದು ಕೇಳುವಷ್ಟರಲ್ಲಿ ಕರೆ ಕಡಿಯಿತು. ಒಳ್ಳೆಯ ಗೋಲ್‌ಕೀಪರನನ್ನು ತಪ್ಪಿಸಲು ಮುದ್ದೇಬಿಹಾಳದವರೇ ಹೂಡಿದ ಆಟವಿರಬಹುದೆಂಬ ಅನುಮಾನವೂ ಬಂತು. ಸಾಕ್ಷಿಯಿಲ್ಲದೆ ಯಾರನ್ನೂ ಹೊರಗಿಡುವಂತಿರಲಿಲ್ಲ. ಚೆಂಡನ್ನು ಬಿಟ್ಟು ಮಲ್ಲುವನ್ನೇ ನೋಡುತ್ತ ಕುಳಿತೆ.

ಮೊದಲರ್ಧದಲ್ಲೇ ಎರಡು ಗೋಲು. ಎರಡೂ ಅವನ ಎಡಗಡೆಯಿಂದ, ಮೆಲ್ಲಗೆ ಬಂದ ಚೆಂಡುಗಳು. ಅವನು ಕೈ ಕೂಡ ಚಾಚಲಿಲ್ಲ. “ಎಷ್ಟ ತಿಂದಿಯಲೇ?” ಎಂದು ಜನ ಕೂಗಿದರು. ನನ್ನ ಅನುಮಾನ ಗಟ್ಟಿಯಾಯಿತು.

ವಿರಾಮದಲ್ಲಿ ಅವನ ಬಳಿ ಹೋದೆ. ತಂಡದವರು ಯಾರೂ ಅವನ ಹತ್ತಿರ ಕುಳಿತಿರಲಿಲ್ಲ. ಎಡಗಡೆ ನಿಂತು ನೀರಿನ ಬಾಟಲಿ ಚಾಚಿದೆ. ಮುಖದ ಹತ್ತಿರ ಹಿಡಿದರೂ ಅವನು ತಿರುಗಲಿಲ್ಲ.

“ಬಲಗಣ್ಣು ಮುಚ್ಚು. ನನ್ನ ಬೆರಳು ಎಷ್ಟು?”

ಅವನು ಕೈಗವಸು ಕಳಚಿ ಕೆಳಗಿಟ್ಟ. “ಕರಿ ಪರದೆ ಇಳಿದಂಗ ಐತ್ರಿ ಸರ್. ಪ್ರಾಕ್ಟೀಸಿನ್ಯಾಗ ಚೆಂಡು ಬಡಿದಾಗಿಂದ. ಹೇಳಿದ್ರ ಟೀಮಿನಿಂದ ತೆಗೀತಿದ್ರು.”

ಮೈದಾನದ ಡಾಕ್ಟರು ನೋಡಿದವರೇ ವಿಜಯಪುರದ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಕಣ್ಣಿನ ಒಳಪರೆ, ಅಂದರೆ ರೆಟಿನಾ, ಕಳಚತೊಡಗಿತ್ತು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಬಹುಮಟ್ಟಿಗೆ ಉಳಿಯಿತು. ಇಂಡಿ ಆ ಪಂದ್ಯ ಸೋತಿತು.

ಆದರೂ ಕರೆ ಮಾಡಿದವರು ಯಾರೆಂಬುದು ಕೊರೆಯುತ್ತಿತ್ತು. ಮರುದಿನ ಅದೇ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಮಲ್ಲುವಿನ ಹೆಂಡತಿ ಸವಿತಾ.

“ಗಂಡನ ಮೇಲೆ ಇಂಥ ಸುಳ್ಳು ಯಾಕೆ ಹೇಳಿದೆಯಮ್ಮಾ?”

“ಕಣ್ಣಿನ ಮಾತು ಯಾರ ಮುಂದೂ ಎತ್ತಬಾರದು ಅಂತ ನಮ್ಮ ಮನಿಯವರು ಆಣಿ ಮಾಡಿಸ್ಕೊಂಡಿದ್ರು ಸರ್. ಅದಕ್ಕ ಬ್ಯಾರೆ ಮಾತು ಹೇಳಿದೆ. ಹೆಸರು ಕೆಟ್ಟರ ಮತ್ತ ಗಳಿಸಬಹುದು. ಕಣ್ಣು ಎಲ್ಲಿಂದ ತರೂದ್ರಿ?”

ಪಂದ್ಯ ಮಾರಿದ ಆರೋಪ ನಿರಾಧಾರ ಎಂದು ವರದಿಯಲ್ಲಿ ಬರೆದೆ. ಕರೆ ಮಾಡಿದವರ ಹೆಸರು ಬರೆಯಲಿಲ್ಲ. ಅನುಮಾನಪಡುವುದು ನನ್ನ ಕೆಲಸದ ಭಾಗ, ಅದನ್ನು ಬಿಟ್ಟಿಲ್ಲ. ಆದರೆ ದೂರು ಬಂದಾಗ ನಿಜವೋ ಸುಳ್ಳೋ ಎಂದಷ್ಟೇ ನೋಡುವುದಿಲ್ಲ. ಹೇಳಿದವರು ಯಾವುದಕ್ಕೆ ಹೆದರಿದ್ದಾರೆ ಎಂಬುದನ್ನೂ ಕೇಳಿಕೊಳ್ಳುತ್ತೇನೆ.