ಸುಮ್ಮನಿದ್ದವರ ಮತ

…ಇಲ್ಲ, ಅಲ್ಲಿ ಕಂಬ ಇರಲಿಲ್ಲವೇನೋ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಹೀಗೆ: ನಮ್ಮೂರ ಗ್ರಾಮಸಭೆ ಪಂಚಾಯತಿ ಪಡಸಾಲೆಯಲ್ಲಿ ನಡೆಯುತ್ತಿತ್ತು, ಹೆಂಗಸರು ಕಂಬಗಳ ಹಿಂದೆ ಕೂರುತ್ತಿದ್ದರು. ಮೊನ್ನೆ ಹೋಗಿ ನೋಡಿದರೆ ಪಡಸಾಲೆಗೆ ಕಂಬವೇ ಇಲ್ಲ. ಕಟ್ಟಡ ಅದೇ, ಯಾರೂ ಕಂಬ ಕಿತ್ತುಕೊಂಡು ಹೋಗಿಲ್ಲ. ಅಂದಮೇಲೆ ಅವನ್ನು ನಿಲ್ಲಿಸಿದವನು ನಾನೇ. ಹೆಂಗಸರನ್ನು ಯಾವುದಾದರೊಂದರ ಹಿಂದೆ ಕೂರಿಸದೆ ನನ್ನ ನೆನಪಿಗೆ ಸಮಾಧಾನವಾಗಿರಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಮುಂದೆ ಹೇಳುವುದನ್ನೂ ನೀವು ಒಮ್ಮೆ ಅಲ್ಲಾಡಿಸಿ ನೋಡಿಯೇ ತೆಗೆದುಕೊಳ್ಳುವುದು ಒಳ್ಳೆಯದು.

ಊರು ಹಾರೂಗೇರಿಯಿಂದ ಬಹಳ ದೂರವೇನಲ್ಲ. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ, ಅಂದರೆ ಊರಲ್ಲಿ ಇಲ್ಲದವರು ಊರನ್ನು ಹೇಗೆ ಆಳಬೇಕೆಂಬುದನ್ನು ಹೇಳುತ್ತೇನೆ. ಸಭೆಯ ವಿಷಯದಲ್ಲಿ ನನಗೆ ನಂಬಿಕೆಯಿರುವ ನೆನಪು ಒಂದೇ. ಆಗ ಅಧ್ಯಕ್ಷರಾಗಿದ್ದ ನೇಮಣ್ಣನವರು, ದ್ರಾಕ್ಷಿ ತೋಟದ ಯಜಮಾನರು, ಪ್ರತಿ ವಿಷಯದ ಕೊನೆಗೆ ಹೆಂಗಸರ ಕಡೆ ತಿರುಗಿ, "ಏನ್ ಅಕ್ಕಗೋಳಿರಾ, ಹಂಗ ಆಗ್ಲೇನು?" ಎನ್ನುತ್ತಿದ್ದರು. "ಆಗ್ಲಿ ಬಿಡ್ರಿ" ಎಂದು ಯಾರಾದರೂ ಅಂದರೆ ಠರಾವು ಪಾಸು. ಯಾರೂ ಏನೂ ಅನ್ನದಿದ್ದರೆ ನೇಮಣ್ಣ ಟೋಪಿ ಎತ್ತಿ ತಲೆ ಕೆರೆದುಕೊಂಡು, "ಇದನ್ನ ಮುಂದಿನ ಸಭಾಕ್ಕ ಇಡೂಣು" ಎನ್ನುತ್ತಿದ್ದರು. ಹತ್ತು ಜನರ ಎದುರು ಹಿರಿಯರಿಗೆ "ಬ್ಯಾಡ" ಅನ್ನುವ ರೂಢಿ ನಮ್ಮ ಹೆಂಗಸರಿಗೆ ಇರಲಿಲ್ಲ. ಅವರು ಸುಮ್ಮನಿದ್ದರೆ ಅದೇ ಬ್ಯಾಡ. ಇದು ಎಲ್ಲೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿತ್ತು. ನೇಮಣ್ಣನನ್ನು ಈಗ ನಾನು ದೇವರು ಮಾಡಬಾರದು. ತಮ್ಮ ತೋಟದ ದಾರಿಯ ಮಾತು ಬಂದಾಗ ಅವರು ಹೆಂಗಸರ ಕಡೆ ತಿರುಗಿದ್ದು ನಾನು ಕಂಡಿಲ್ಲ.

ಆಮೇಲೆ ಫೋನು ಬಂತು, ಪಂಚಾಯತಿಯ ವಾಟ್ಸಾಪ್ ಗುಂಪು ಬಂತು. ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಸಂದೇಶಗಳು, ಹೂವಿನ ಮೇಲೆ ಕೂತ ಶುಭೋದಯಗಳು, ಕಳೆದುಹೋದ ಎಮ್ಮೆಯ ಫೋಟೋ. ಮೂಗು ಮುರಿಯುತ್ತಲೇ ಓದುತ್ತಿದ್ದೆ. ಒಂದು ದಿನ ಅದರೊಳಗಿಂದ ಸುಶೀಲಕ್ಕನ ದನಿ ಬಂತು. ಹಳ್ಳದ ಓಣಿಯಲ್ಲಿರುವ ಈಕೆ ಹುಟ್ಟಿದಾಗಿನಿಂದ ಯಾವ ಸಭೆಯಲ್ಲೂ ಬಾಯಿ ಬಿಟ್ಟವಳಲ್ಲ. "ಸಾಹೇಬ್ರ, ನಮ್ಮ ಓಣ್ಯಾಗ ಲೈಟ್ ಇಲ್ರಿ. ಹುಡುಗ್ಯಾರು ಟ್ಯೂಷನ್ ಮುಗಿಸಿ ಬರೂದು ಹೆಂಗ್ರಿ? ನೀವ ಒಂದಿನ ನಡದ ನೋಡ್ರಿ." ಇಡೀ ಊರು ಕೇಳಿತು. ಎರಡನೆಯ ದಿನ ದೀಪ ಬಂತು. ಸುಶೀಲಕ್ಕ ತನ್ನ ದನಿಯನ್ನು ತಾನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿ, "ನಂದ ಏನ್ರಿ ಇದು? ಗಂಡಸರ ದನಿ ಆಗೇತಲ್ರಿ" ಎಂದು ನಕ್ಕಳು. ನಾನಂತೂ ಇದನ್ನು ಚಿಕ್ಕೋಡಿಯ ತರಗತಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಕೊನೆ ಬೆಂಚಿನವರು ದೀಪ ಬರುವ ಮೊದಲೇ ಚಪ್ಪಾಳೆ ತಟ್ಟಿಬಿಡುತ್ತಿದ್ದರು.

ಗುಂಪಿನಲ್ಲಿ ಮತದಾನ ಬಂದದ್ದು ಇದಾದ ಮೇಲೆ. ಆರೋಗ್ಯ ಉಪಕೇಂದ್ರದ ಕೋಣೆ ಸೋರುತ್ತಿತ್ತು. ಮಳೆಗಾಲದೊಳಗೆ ಬೇರೆಡೆಗೆ ಸಾಗಿಸಬೇಕಿತ್ತು. ಹಳ್ಳದ ಈಚೆ, ಸುಶೀಲಕ್ಕನ ಓಣಿಯ ಬದಿಗೇ, ಹಳೇ ಶಾಲೆಯ ಕೋಣೆಗಳು ಖಾಲಿ ಇದ್ದವು, ಆಚೆ ರಾಯಬಾಗ ರಸ್ತೆಗೆ ಹೊಸ ಸಮುದಾಯ ಭವನವಿತ್ತು. ಆಚೆ ಜಾಗ ದೊಡ್ಡದು, ವಾಹನ ನೇರ ಬರುತ್ತದೆ. ಆದರೆ ಮಳೆ ಜೋರಾದರೆ ನಡುವಿನ ಕಿರುಸೇತುವೆ ನೀರಿನಡಿ ಹೋಗುತ್ತದೆ. ಪಂಚಾಯತಿಗೆ ಅಧಿಕಾರಿಯಾಗಿ ಬಂದಿದ್ದ ಹೊಸ ಪಿಡಿಒ ಪ್ರಾಮಾಣಿಕ ಹುಡುಗ. ಎಲ್ಲರನ್ನೂ ಕೇಳಿಯೇ ಮಾಡೋಣವೆಂದು ಎರಡೂ ಜಾಗದ ಹೆಸರು ಹಾಕಿ, ಕೆಳಗೆ ಬರೆದ: ಶನಿವಾರದೊಳಗೆ ಉತ್ತರಿಸದವರು ಬಹುಮತಕ್ಕೆ ಒಪ್ಪಿದ್ದಾರೆಂದು ತಿಳಿಯಲಾಗುವುದು.

ಗ್ರೀಕರು ಊರಿಂದ ಹೊರಹಾಕಬೇಕಾದವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಮತ ಹಾಕುತ್ತಿದ್ದರಂತೆ. ತಮಿಳು ಸೀಮೆಯಲ್ಲಿ ಊರಸಭೆಗೆ ಆರಿಸಲು ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಎತ್ತುತ್ತಿದ್ದರಂತೆ. ಚೂರನ್ನೇ ಎತ್ತಿಕೊಳ್ಳದೆ ಕೂತವರನ್ನು ಯಾವ ಕಡೆಗೆ ಸೇರಿಸುತ್ತಿದ್ದರು? ಪುಸ್ತಕಗಳಲ್ಲಿ ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮತದಾನದಲ್ಲಿ ಯಾರು ಯಾವುದಕ್ಕೆ ಒತ್ತಿದರೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆಚೆ ದಂಡೆಗೆ ಮೊದಲು ಒತ್ತಿದವರು ಕಬ್ಬು ಕಡಿಯುವ ಆಳುಗಳ ಗ್ಯಾಂಗುಗಳನ್ನು ಕಳಿಸುವ ಸಾವ್ಕಾರರು. ಅವರ ಬೆನ್ನಿಗೆ ಟ್ರ್ಯಾಕ್ಟರ್ ಇದ್ದವರು, ತಮ್ಮ ಕಬ್ಬಿಗೆ ಕಟಾವಿನ ಪಾಳಿ ಬೇಕಾದವರು, ಹಳ್ಳದ ಓಣಿಯ ಗಂಡಸರು ಕೂಡ. ಸುಶೀಲಕ್ಕನ ಸೊಸೆ ಭಾರತಿ ಆಗ ಬಸುರಿ, ಮಳೆಯಲ್ಲೇ ದಿನ ತುಂಬುವುದಿತ್ತು. ಸುಶೀಲಕ್ಕನಿಗೆ ಉಪಕೇಂದ್ರ ಈಚೆಗೇ ಬೇಕಿತ್ತು. ಆದರೆ ಅದಕ್ಕೆ ಒತ್ತುವುದೆಂದರೆ ಸಾವ್ಕಾರರ ಹೆಸರಿಗೆ ಎದುರಾಗಿ ತನ್ನ ಹೆಸರು ನಿಲ್ಲಿಸಿದಂತೆ. ಆಕೆ ಓಣಿಯ ಹೆಂಗಸರಿಗೆಲ್ಲ ಹೇಳಿದಳು: "ಯಾರೂ ಒತ್ತಬ್ಯಾಡ್ರಿ. ಸುಮ್ನ ಇರ್ರಿ. ತಾವ ತಿಳಕೋತಾರ." ಯಾರೂ ಒತ್ತಲಿಲ್ಲ. ಫೋನುಗಳನ್ನು ಗೂಟದ ಚೀಲದಲ್ಲಿಟ್ಟು, ತಮ್ಮ ಅವ್ವಂದಿರು ಸಭೆಯಲ್ಲಿ ನಿರಾಕರಿಸಿದ ಹಾಗೆಯೇ ನಿರಾಕರಿಸಿ, ವಿಷಯ ಮುಂದಿನ ಸಭೆಗೆ ಹೋಯಿತೆಂದು ನಿಶ್ಚಿಂತೆಯಿಂದಿದ್ದರು.

ಸೋಮವಾರ ಉಪಕೇಂದ್ರದ ಮಂಚ ಟ್ರ್ಯಾಕ್ಟರಿನಲ್ಲಿ ಹಳ್ಳ ದಾಟುವುದನ್ನು ಕಂಡು ಸುಶೀಲಕ್ಕ ಪಂಚಾಯತಿಗೆ ಬಂದಳು. ಆ ಹೊತ್ತಿಗೆ ನಾನೂ ಅಲ್ಲಿದ್ದೆ.

"ನಾವ್ ಯಾರೂ ಒತ್ತಲಿಲ್ಲಲ್ರಿ ಸಾಹೇಬ್ರ!"

"ಅದಕ್ಕ ಅಲ್ರಿ ಅಕ್ಕಾರ, ಒಪ್ಪಿಗಿ ಅಂತ ಹಿಡದೇವಿ," ಎಂದ ಪಿಡಿಒ.

"ಇಡೀ ಓಣಿ ಗಪ್ ಕುಂತೈತಿ ಅಂದ್ರ, ಯಾಕ ಅಂತ ಕೇಳಬಾರದೇನ್ರಿ?"

"ಫೋನಿಗೆ ಹೆಂಗ ಗೊತ್ತಾಗಬೇಕ್ರಿ ಅದು?"

"ಫೋನಿಗಲ್ರಿ, ನಿಮಗ ಕೇಳಾಕತ್ತೇನಿ."

ಗೋಡೆಗೆ ಒರಗಿದ್ದ ಸದಸ್ಯನೊಬ್ಬ, "ಲೈಟ್ ಇಲ್ಲದಾಗ ಊರಿಗೆಲ್ಲಾ ಕೇಳೂಹಂಗ ಒದರಿದ್ದಿ. ಈಗ ಏನಾಗಿತ್ತವಾ ಬಾಯಿಗೆ?" ಎಂದ. ಎಲ್ಲರೂ ನಕ್ಕರು.

"ಆಗ ಕತ್ತಲಿ ಜೋಡಿ ಜಗಳ ಇತ್ತೋ ಅಣ್ಣಾ," ಎಂದಳು ಸುಶೀಲಕ್ಕ. "ಇದು ನಿಮ್ಮ ಜೋಡಿ."

ಮಂಚ ವಾಪಸು ಬರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಳೆ ಹಿಡಿದ ವಾರದಲ್ಲಿ, ದಿನ ತುಂಬುವ ಮೊದಲೇ ಭಾರತಿಗೆ ಬೇನೆ ಬಂತು. ಸೇತುವೆಯ ಮೇಲೆ ನೀರು. ನರ್ಸಬಾಯಿ ಆಚೆ ದಂಡೆಯಲ್ಲಿ. ಆಕೆ ಫೋನಿನಲ್ಲೇ ಹೀಗೆ ಮಾಡ್ರಿ, ಹಾಗೆ ಮಾಡ್ರಿ ಎನ್ನುತ್ತ ಹೋದಳು. ಸುಶೀಲಕ್ಕ ಹಾಗೆಯೇ ಮಾಡುತ್ತ ಹೋದಳು. ಭಾರತಿ ಉಳಿದಳು. ಕೂಸು ಉಳಿಯಲಿಲ್ಲ. ಸಂಜೆ ಗುಂಪಿನಲ್ಲಿ ಸುದ್ದಿ ಬಂದಾಗ ಕೈಮುಗಿದ ಚಿತ್ರಗಳ ಸಾಲು ಕೆಳಗೆ ಕೆಳಗೆ ಇಳಿಯಿತು. ಸಾವ್ಕಾರರೂ ಒತ್ತಿದ್ದರು. ಹಳ್ಳದ ಓಣಿಯೂ ಒತ್ತಿತ್ತು.

ಈಗ ಈ ಕಥೆಯನ್ನೂ ತರಗತಿಯಲ್ಲಿ ಹೇಳಬಹುದು: ಒಂದು ವಾಕ್ಯದಿಂದ ಒಂದು ಜೀವ ಹೋಯಿತು. ಬಲು ಅಚ್ಚುಕಟ್ಟಾಗಿ ಕೂರುತ್ತದೆ, ಅದಕ್ಕೇ ನನಗೆ ಅನುಮಾನ. ಉಪಕೇಂದ್ರ ಈಚೆಯೇ ಇದ್ದಿದ್ದರೂ ಅಂದು ನರ್ಸಬಾಯಿ ಬೇರೆ ಊರಿನ ಪಾಳಿಯಲ್ಲಿ ಇರುತ್ತಿದ್ದಳೋ ಏನೋ. ಅವಳನ್ನೇ ಕೇಳಿದೆ. "ಹೆಂಗ ಹೇಳ್ಲಿ ಸರ್?" ಎಂದು ಬೇರೆ ಕಡೆ ನೋಡಿದಳು. ಒತ್ತದೇ ಉಳಿದವರಲ್ಲಿಯೂ ಒಬ್ಬಳ ಫೋನಿಗೆ ರಿಚಾರ್ಜ್ ಇರಲಿಲ್ಲವಂತೆ, ಇನ್ನೊಬ್ಬಳ ಫೋನು ಗಂಡನ ಜೊತೆ ಅಥಣಿಗೆ ಹೋಗಿತ್ತಂತೆ. ಬ್ಯಾಡ ಎಂದವರೆಷ್ಟು, ಬರೀ ಸುಮ್ಮನಿದ್ದವರೆಷ್ಟು? ನೇಮಣ್ಣನಾದರೆ ಮುಖ ನೋಡಿ ಹೇಳುತ್ತಿದ್ದರೋ ಏನೋ. ಅಥವಾ ಅವರಿಗೂ ಮುಖ ಓದಲು ಬರುತ್ತಿರಲಿಲ್ಲ, ತಲೆ ಕೆರೆಯುತ್ತಿದ್ದುದಕ್ಕೆ ಬೇರೇನೋ ಕಾರಣವಿತ್ತು.

ಪಿಡಿಒ ತನ್ನ ವಾಕ್ಯ ಬದಲಿಸಿದ್ದಾನೆ. ಈಗಿನ ಪ್ರಶ್ನೆ ಸೇತುವೆ ಎತ್ತರಿಸುವುದೋ, ಉಪಕೇಂದ್ರವನ್ನು ಈಚೆ ತರುವುದೋ ಎಂಬುದು. ಉತ್ತರಿಸದವರ ಮನೆಗೆ ಬಂದು ಕೇಳಲಾಗುವುದು ಎಂದು ಬರೆದ; ಬರೆದಂತೆ ಬಂದ ಕೂಡ. ಸುಶೀಲಕ್ಕನ ಮನೆಗೆ ನನ್ನನ್ನೂ ಕರೆದುಕೊಂಡು ಹೋದ. ಆಕೆ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಭಾರತಿ ರೊಟ್ಟಿ ಬಡಿಯುವ ಸಪ್ಪಳ. ಅವನು ಎರಡೂ ಸಂಗತಿ ವಿವರಿಸಿ, "ನೀವ್ ಏನ್ ಅಂತೀರಿ ಅಕ್ಕಾರ?" ಎಂದ.

"ನೀವ್ ಹೆಂಗ ಅಂತೀರಿ ಹಂಗ್ರಿ," ಎಂದಳು ಸುಶೀಲಕ್ಕ, ಮೊರದಿಂದ ತಲೆಯೆತ್ತದೆ. "ಚಾ ಕುಡ್ಯಾವ್ರೇನ್ರಿ?"

ಹೊರಗೆ ಬಂದ ಮೇಲೆ ಅವನು ಪೆನ್ನು ಹಿಡಿದುಕೊಂಡೇ ಕೇಳಿದ: "ಸರ್, ಇದನ್ನ ಯಾವ ಕಡೆ ಬರ್ಕೊಳ್ಲಿ?"